ಶಿಷ್ಯರ ಮುಂದೆ ಮಂಡಿಯೂರಿದ ಗುರು

ದೀಕ್ಷೆ ಕೊಡುವುದು ಗುರುವಿನ ಕೆಲಸ, ಪಡೆಯುವುದು ಶಿಷ್ಯನ ಭಾಗ್ಯ. ಇದು ಲೋಕರೂಢಿ. 1699ರ ಬೈಸಾಖಿ ಹಬ್ಬದಂದು ಪಂಜಾಬಿನ ಆನಂದಪುರದಲ್ಲಿ ಈ ರೂಢಿ ತಲೆಕೆಳಗಾಯಿತು. ಸಿಖ್ಖರ ಹತ್ತನೆಯ ಗುರು ಗೋವಿಂದ ರಾಯ್ ಅವರು ಐವರು ಶಿಷ್ಯರಿಗೆ ದೀಕ್ಷೆ ಕೊಟ್ಟರು. ಆಮೇಲೆ ಅದೇ ಐವರ ಮುಂದೆ ಮಂಡಿಯೂರಿ, ಕೈಜೋಡಿಸಿ, ತಮಗೂ ದೀಕ್ಷೆ ಕೊಡಬೇಕೆಂದು ಬೇಡಿದರು. ಐವರೂ ಬೆರಗಾದರು. ಕೊನೆಗೆ ಕೊಟ್ಟರು. ಗೋವಿಂದ ರಾಯ್ ಅಂದಿನಿಂದ ಗೋವಿಂದ ಸಿಂಗ್ ಆದರು.

ಆ ಐವರಲ್ಲಿ ಒಬ್ಬ ಬೀದರಿನವ. ಹೆಸರು ಸಾಹಿಬ್ ಚಂದ್, ಕುಲಕಸುಬು ಕ್ಷೌರ. ಗುರುವಿಗೇ ದೀಕ್ಷೆ ಕೊಟ್ಟವರ ಸಾಲಿನಲ್ಲಿ ಆತ ನಿಂತಿದ್ದ.

ಗುರು ಗೋವಿಂದ ಸಿಂಗ್ ಎಂದೊಡನೆ ಕಣ್ಮುಂದೆ ಬರುವುದು ಕ್ಯಾಲೆಂಡರ್ ಚಿತ್ರ: ಬಿಳಿ ಕುದುರೆ, ಕೈಮೇಲೆ ಗಿಡುಗ, ಪೇಟದ ಮೇಲೆ ತುರಾಯಿ, ಸೊಂಟದಲ್ಲಿ ಖಡ್ಗ. ಮೊಗಲರ ವಿರುದ್ಧ ಹೋರಾಡಿದ ವೀರ, ನಾಲ್ವರು ಮಕ್ಕಳನ್ನು ಕಳೆದುಕೊಂಡ ತ್ಯಾಗಿ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ಕಟ್ಟಿದ್ದು ಸೈನ್ಯವನ್ನಷ್ಟೇ ಅಲ್ಲ. ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಹಂತಹಂತವಾಗಿ ಬಿಟ್ಟುಕೊಟ್ಟು, ತಾವಿಲ್ಲದೆಯೂ ನಡೆಯುವ ಸಮುದಾಯವೊಂದನ್ನು ಅವರು ರೂಪಿಸಿದರು. ಅವರ 41 ವರ್ಷಗಳ ಬದುಕನ್ನು ಈ ದೃಷ್ಟಿಯಿಂದ ನೋಡಿದರೆ ಖಡ್ಗದ ಅರ್ಥವೂ ಬೇರೆಯಾಗಿ ಕಾಣುತ್ತದೆ.

ಎರಡು ಖಡ್ಗಗಳ ಮನೆತನ

ಗುರು ನಾನಕರು (1469–1539) ಆರಂಭಿಸಿದ ಪಂಥ ಮೂಲತಃ ಭಕ್ತಿಯದು. ದೇವನೊಬ್ಬನೇ, ದುಡಿದು ತಿನ್ನು, ಹಂಚಿ ತಿನ್ನು, ನಾಮಸ್ಮರಣೆ ಮಾಡು ಎಂಬುದು ಅದರ ಸಾರ. ಅದರ ಕೈಗೆ ಆಯುಧ ಬಂದದ್ದು ಐದನೆಯ ಗುರು ಅರ್ಜನದೇವರನ್ನು 1606ರಲ್ಲಿ ಜಹಾಂಗೀರ್ ಬಾದಶಹನ ಕಾಲದಲ್ಲಿ ಲಾಹೋರಿನಲ್ಲಿ ಕೊಲ್ಲಲಾದ ಮೇಲೆ. ಅವರ ಮಗ, ಆರನೆಯ ಗುರು ಹರಗೋವಿಂದರು ಎರಡು ಖಡ್ಗ ಧರಿಸಿದರು. ಒಂದು 'ಮೀರಿ', ಅಂದರೆ ಲೌಕಿಕ ಅಧಿಕಾರ. ಇನ್ನೊಂದು 'ಪೀರಿ', ಅಂದರೆ ಆಧ್ಯಾತ್ಮಿಕ ಅಧಿಕಾರ. ಅಮೃತಸರದ ಹರಮಂದಿರದ ಎದುರಿಗೆ ಅವರು ಅಕಾಲ ತಖ್ತ್ ಕಟ್ಟಿಸಿದರು. ಪ್ರಾರ್ಥನೆಗೆ ಒಂದು ಸ್ಥಳ, ನ್ಯಾಯ ತೀರ್ಮಾನಕ್ಕೆ ಇನ್ನೊಂದು.

ಈ ಹರಗೋವಿಂದರ ಮೊಮ್ಮಗನೇ ಗೋವಿಂದ. ಹುಟ್ಟಿದ್ದು 1666ರ ಡಿಸೆಂಬರಿನಲ್ಲಿ, ಪಂಜಾಬಿನಿಂದ ಬಹುದೂರದ ಪಟ್ನಾದಲ್ಲಿ. ತಂದೆ ಒಂಬತ್ತನೆಯ ಗುರು ತೇಗ್ ಬಹಾದೂರ್ ಆಗ ಪೂರ್ವ ಪ್ರಾಂತ್ಯಗಳ ಸಂಚಾರದಲ್ಲಿದ್ದರು. ತಾಯಿ ಮಾತಾ ಗುಜರಿ. ಕೆಲವು ವರ್ಷಗಳ ನಂತರ ಬಾಲಕ ಶಿವಾಲಿಕ ಬೆಟ್ಟಗಳ ಬುಡದಲ್ಲಿದ್ದ ಆನಂದಪುರಕ್ಕೆ ಬಂದ.

ಬಾಲ್ಯ ಬೇಗ ಮುಗಿಯಿತು. ಬಲವಂತದ ಮತಾಂತರದ ಭಯದಲ್ಲಿದ್ದ ಕಾಶ್ಮೀರಿ ಪಂಡಿತರ ತಂಡವೊಂದು ಗುರು ತೇಗ್ ಬಹಾದೂರರ ಮೊರೆ ಹೊಕ್ಕಿತು ಎಂದು ಸಿಖ್ ಪರಂಪರೆ ಹೇಳುತ್ತದೆ. ತಮ್ಮದಲ್ಲದ ಧರ್ಮದ ಆಚರಣೆಯ ಹಕ್ಕಿಗಾಗಿ ಅವರು ದೆಹಲಿಗೆ ನಡೆದರು. 1675ರ ನವೆಂಬರಿನಲ್ಲಿ ಔರಂಗಜೇಬನ ಆಜ್ಞೆಯಂತೆ ಚಾಂದನಿ ಚೌಕದಲ್ಲಿ ಅವರ ಶಿರಚ್ಛೇದನವಾಯಿತು. ಈಗ ಅಲ್ಲಿ ಸೀಸ್‌ಗಂಜ್ ಗುರುದ್ವಾರವಿದೆ.

ಕಾವಲಿನವರ ಕಣ್ತಪ್ಪಿಸಿ ಆ ಶಿರಸ್ಸನ್ನು ಬಟ್ಟೆಯಲ್ಲಿ ಸುತ್ತಿ ಆನಂದಪುರಕ್ಕೆ ತಂದವನು ಜೈತಾ ಎಂಬಾತ. ಊರಿನವರು ಅಸ್ಪೃಶ್ಯನೆಂದು ದೂರವಿಟ್ಟಿದ್ದ ಕುಲದವ. ದೇಹವನ್ನು ಲಖೀ ಶಾ ಎಂಬ ಬಣಜಾರ ವ್ಯಾಪಾರಿ ಗಾಡಿಯಲ್ಲಿ ಅಡಗಿಸಿ ಒಯ್ದು, ತನ್ನ ಮನೆಯೊಳಗಿಟ್ಟು, ಮನೆಗೇ ಬೆಂಕಿ ಹಚ್ಚಿ ಅಂತ್ಯಸಂಸ್ಕಾರ ಮಾಡಿದ. ತಂದೆಯ ತಲೆಯನ್ನು ಕೈಗೆ ತೆಗೆದುಕೊಂಡಾಗ ಗೋವಿಂದನಿಗೆ ಇನ್ನೂ ಒಂಬತ್ತು ವರ್ಷ. ಜೈತಾನನ್ನು ಆ ಬಾಲಕ ಎದೆಗಪ್ಪಿಕೊಂಡ. ಗುರುಪೀಠ ಅವನದಾಯಿತು.

ಪೀಠಕ್ಕೆ ಅಂಟಿದ್ದ ಕಾಯಿಲೆ

ಆತನಿಗೆ ದಕ್ಕಿದ ಪೀಠ ಹೊರಗಿನ ಶತ್ರುಗಳಿಂದಷ್ಟೇ ಅಪಾಯದಲ್ಲಿರಲಿಲ್ಲ. ನಾಲ್ಕನೆಯ ಗುರುಗಳಿಂದ ಈಚೆಗೆ ಗುರುತ್ವ ಒಂದೇ ಕುಟುಂಬದಲ್ಲಿ ಉಳಿದಿತ್ತು. ಅದರೊಡನೆ ದಾಯಾದಿ ಕಲಹವೂ ಬಂದಿತ್ತು. ಅಣ್ಣ ತಮ್ಮಂದಿರು, ದೊಡ್ಡಪ್ಪನ ಮಕ್ಕಳು ತಾವೇ ನಿಜವಾದ ಗುರುಗಳೆಂದು ಬೇರೆ ಬೇರೆ ಗದ್ದುಗೆ ಹೂಡಿದ್ದರು. 1664ರಲ್ಲಿ ಎಂಟನೆಯ ಗುರು ಹರಕೃಷ್ಣರು ಬಾಲ್ಯದಲ್ಲೇ ಸಿಡುಬಿಗೆ ತುತ್ತಾಗುವಾಗ, ಮುಂದಿನ ಗುರು ಬಕಾಲಾ ಗ್ರಾಮದಲ್ಲಿದ್ದಾರೆ ಎಂದಷ್ಟೇ ಸೂಚಿಸಿದರಂತೆ. ಆ ಹಳ್ಳಿಯಲ್ಲಿ ಒಮ್ಮೆಗೇ 22 ಮಂದಿ 'ಗುರು'ಗಳು ಹುಟ್ಟಿಕೊಂಡರು ಎಂಬ ಕಥೆ ಇಂದಿಗೂ ಪ್ರಚಲಿತ.

ಇನ್ನೊಂದು ತೊಡಕು ಮಸಂದರದ್ದು. ಪಂಥ ದೂರದೂರಕ್ಕೆ ಹಬ್ಬಿದಂತೆ, ಭಕ್ತರಿಂದ ಕಾಣಿಕೆ ಸಂಗ್ರಹಿಸಿ ಗುರುವಿಗೆ ತಲುಪಿಸಲು, ಬೋಧನೆ ಮಾಡಲು ಹಿಂದಿನ ಗುರುಗಳು ಪ್ರತಿನಿಧಿಗಳನ್ನು ನೇಮಿಸಿದ್ದರು. ಇವರೇ ಮಸಂದರು. ಆರಂಭದಲ್ಲಿ ಒಳ್ಳೆಯ ವ್ಯವಸ್ಥೆಯೇ. ಕಾಲ ಸರಿದಂತೆ ಹುದ್ದೆ ವಂಶಪಾರಂಪರ್ಯವಾಯಿತು. ಕಾಣಿಕೆಯಲ್ಲಿ ಪಾಲು ಇಟ್ಟುಕೊಳ್ಳುವುದು, ಲೇವಾದೇವಿ ನಡೆಸುವುದು, ಬಡ ಭಕ್ತರನ್ನು ಹಿಂಡುವುದು ಶುರುವಾಯಿತು. ಕೆಲವರು ಎದುರಾಳಿ ಗದ್ದುಗೆಗಳ ಜೊತೆ ಸೇರಿದರು. ಗುರು ಮತ್ತು ಭಕ್ತರ ನಡುವೆ ದಲ್ಲಾಳಿಗಳ ಗೋಡೆ ಎದ್ದಿತು.

ಗೋವಿಂದ ರಾಯ್ ಮುಂದೆ ತೆಗೆದುಕೊಂಡ ನಿರ್ಧಾರಗಳಿಗೆ ಮೊಗಲರ ದಬ್ಬಾಳಿಕೆ ಒಂದು ಕಾರಣವಾದರೆ, ಒಳಗಿನ ಈ ಕಾಯಿಲೆ ಇನ್ನೊಂದು ಕಾರಣ.

ಲೇಖನಿ ಮತ್ತು ಬಿಲ್ಲು

ಯುವಕ ಗುರುಗಳು ಯುದ್ಧವಿದ್ಯೆಯ ಜೊತೆಗೆ ಸಾಹಿತ್ಯಾಭ್ಯಾಸವನ್ನೂ ಮಾಡಿದರು. ಪಂಜಾಬಿ, ಬ್ರಜ, ಸಂಸ್ಕೃತ, ಪಾರಸಿ ಕಲಿತರು. ಅವರ ಆಸ್ಥಾನದಲ್ಲಿ 52 ಕವಿಗಳಿದ್ದರೆಂದು ಪ್ರತೀತಿ. ಘಜನಿಯಿಂದ ಬಂದ ಪಾರಸಿ ಕವಿ ಭಾಯಿ ನಂದ ಲಾಲ್ ಅವರಲ್ಲಿ ಪ್ರಸಿದ್ಧ. ಗುರುಗಳ ಹೆಸರಿನಲ್ಲಿರುವ ರಚನೆಗಳು 'ದಶಮ ಗ್ರಂಥ'ದಲ್ಲಿ ಸೇರಿವೆ. ಅದರಲ್ಲಿನ 'ಜಾಪ್ ಸಾಹಿಬ್' ಇಂದಿಗೂ ಸಿಖ್ಖರ ಬೆಳಗಿನ ಪ್ರಾರ್ಥನೆಯ ಭಾಗ. ಆದರೆ ಆ ಗ್ರಂಥದ ಎಲ್ಲ ಭಾಗಗಳೂ ಅವರದೇ ಕೃತಿಗಳೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

1685ರ ಸುಮಾರಿಗೆ ಅವರು ಯಮುನಾ ತೀರದ ಪಾಂವಟಾದಲ್ಲಿ ನೆಲೆಸಿದರು. 1688ರಲ್ಲಿ ಅದರ ಸಮೀಪದ ಭಂಗಾನಿಯಲ್ಲಿ ಮೊದಲ ದೊಡ್ಡ ಯುದ್ಧ ನಡೆಯಿತು. ಎದುರಾಳಿಗಳು ಮೊಗಲರಲ್ಲ, ಸುತ್ತಲಿನ ಬೆಟ್ಟದ ಸೀಮೆಗಳ ರಜಪೂತ ರಾಜರು. ಜಾತಿ ಕಟ್ಟಳೆಯನ್ನು ಲೆಕ್ಕಿಸದ, ನಗಾರಿ ಬಾರಿಸುವ, ಕುದುರೆ ಕೂಡಿಹಾಕುವ ಈ ಹೊಸ ಶಕ್ತಿ ಅವರಿಗೆ ಸಹ್ಯವಾಗಿರಲಿಲ್ಲ. ಗುರುಗಳ ಪಡೆಯಲ್ಲಿದ್ದ ಬಾಡಿಗೆಯ ಪಠಾಣರು ಯುದ್ಧದ ಹೊತ್ತಿಗೆ ಕೈಕೊಟ್ಟರು. ನೆರವಿಗೆ ಧಾವಿಸಿದ್ದು ಸಢೌರಾದ ಮುಸ್ಲಿಂ ಸಂತ ಪೀರ್ ಬುದ್ಧೂ ಶಾ. ತನ್ನ ಮಕ್ಕಳು ಮತ್ತು ನೂರಾರು ಅನುಯಾಯಿಗಳೊಂದಿಗೆ ಬಂದ ಆತ ಆ ಕಾಳಗದಲ್ಲಿ ಮಕ್ಕಳನ್ನು ಕಳೆದುಕೊಂಡ.

ಎರಡು ಮೂರು ವರ್ಷಗಳಲ್ಲೇ ಚಿತ್ರ ಬದಲಾಯಿತು. ನಾದೌನ್ ಎಂಬಲ್ಲಿ ಮೊಗಲ್ ಸೇನಾನಿ ಕಪ್ಪ ವಸೂಲಿಗೆ ಬಂದಾಗ, ಗುರುಗಳು ಅದೇ ಬೆಟ್ಟದ ರಾಜರ ಪರವಾಗಿ ಹೋರಾಡಿದರು. ಮುಂದೆ ಆ ರಾಜರೇ ಮೊಗಲರನ್ನು ಕರೆತಂದು ಆನಂದಪುರಕ್ಕೆ ಮುತ್ತಿಗೆ ಹಾಕಿಸಿದರು. ಹಿಂದೂ ಒಂದು ಕಡೆ, ಮುಸ್ಲಿಂ ಇನ್ನೊಂದು ಕಡೆ ಎಂದು ಗೆರೆ ಎಳೆದು ಈ ಚರಿತ್ರೆ ಹೇಳಲು ಹೊರಟರೆ ಲೆಕ್ಕ ತಪ್ಪುತ್ತದೆ.

ಆನಂದಪುರದ ಯುದ್ಧಕಾಲದ ಒಂದು ಪ್ರಸಂಗವನ್ನು ಸಿಖ್ಖರು ಇಂದಿಗೂ ನೆನೆಯುತ್ತಾರೆ. ಭಾಯಿ ಕನ್ಹಯ್ಯಾ ಎಂಬಾತ ರಣರಂಗದಲ್ಲಿ ಗಾಯಾಳುಗಳಿಗೆ ನೀರು ಕುಡಿಸುತ್ತಿದ್ದ. ಶತ್ರುಪಕ್ಷದವರಿಗೂ ಕುಡಿಸುತ್ತಾನೆಂದು ದೂರು ಬಂತು. ಗುರುಗಳು ಕರೆಸಿ ಕೇಳಿದಾಗ, ತನಗೆ ಬಿದ್ದವರ ಮುಖದಲ್ಲಿ ಮಿತ್ರ ಶತ್ರು ಎಂಬ ಭೇದ ಕಾಣುತ್ತಿಲ್ಲ ಎಂದ. ಗುರುಗಳು ಶಿಕ್ಷಿಸಲಿಲ್ಲ. ನೀರಿನ ಜೊತೆಗೆ ಮುಲಾಮನ್ನೂ ಕೊಟ್ಟು, ಗಾಯಕ್ಕೂ ಹಚ್ಚು ಎಂದು ಕಳುಹಿಸಿದರು.

ಬೈಸಾಖಿಯ ಐದು ತಲೆಗಳು

1699ರ ಬೈಸಾಖಿಗೆ ಎಲ್ಲರೂ ಆನಂದಪುರಕ್ಕೆ ಬರಬೇಕೆಂದು ಗುರುಗಳು ಕರೆ ಕಳುಹಿಸಿದ್ದರು. ಜನಸಾಗರದ ಮುಂದೆ ಒರೆಯಿಂದ ಹಿರಿದ ಖಡ್ಗದೊಂದಿಗೆ ನಿಂತು ಅವರು ಒಂದು ತಲೆ ಬೇಕೆಂದು ಕೇಳಿದರು. ಸಭೆ ಸ್ತಬ್ಧವಾಯಿತು. ಮೂರನೆಯ ಬಾರಿ ಕೇಳಿದಾಗ ಲಾಹೋರಿನ ಖತ್ರಿ ದಯಾ ರಾಮ್ ಎದ್ದು ನಿಂತ. ಅವನನ್ನು ಡೇರೆಯೊಳಗೆ ಕರೆದೊಯ್ದ ಗುರುಗಳು ರಕ್ತ ಸುರಿವ ಖಡ್ಗದೊಂದಿಗೆ ಹೊರಬಂದು ಇನ್ನೊಂದು ತಲೆ ಕೇಳಿದರು. ಜನ ಕಾಲ್ತೆಗೆಯತೊಡಗಿದರು. ಆದರೂ ಒಬ್ಬರ ಹಿಂದೊಬ್ಬರು ನಾಲ್ವರು ಎದ್ದರು: ಹಸ್ತಿನಾಪುರದ ಜಾಟ ಧರಮ್ ದಾಸ್, ಪುರಿ ಜಗನ್ನಾಥದ ನೀರು ಹೊರುವ ಹಿಮ್ಮತ್ ರಾಯ್, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೊಹಕಮ್ ಚಂದ್, ಬೀದರಿನ ಕ್ಷೌರಿಕ ಸಾಹಿಬ್ ಚಂದ್.

ಡೇರೆಯೊಳಗೆ ಏನಾಯಿತೆಂಬುದಕ್ಕೆ ಹಲವು ಕಥೆಗಳಿವೆ. ಸ್ವಲ್ಪ ಹೊತ್ತಿನ ನಂತರ ಐವರೂ ಹೊಸ ಬಟ್ಟೆ ತೊಟ್ಟು ಜೀವಂತವಾಗಿ ಹೊರಬಂದರು ಎಂಬುದರಲ್ಲಿ ಮಾತ್ರ ಪರಂಪರೆಯ ಎಲ್ಲ ಕಥೆಗಳೂ ಒಂದಾಗುತ್ತವೆ. ಇವರೇ 'ಪಂಚ ಪ್ಯಾರೆ', ಐವರು ಪ್ರಿಯರು.

ಕಬ್ಬಿಣದ ಬಟ್ಟಲಿನ ನೀರನ್ನು ಗುರುಗಳು ಇಬ್ಬಾಯಿ ಖಡ್ಗದಿಂದ ಕಲಕಿದರು. ಗುರುಪತ್ನಿ ಅದರಲ್ಲಿ ಬತ್ತಾಸು ಹಾಕಿದರು. ಉಕ್ಕಿನ ಗಡಸು, ಸಕ್ಕರೆಯ ಸಿಹಿ ಎರಡೂ ಬೆರೆತ ಆ ನೀರೇ 'ಅಮೃತ'. ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಈಗಿನ ಓದುಗರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಖತ್ರಿ, ಜಾಟ, ಕಹಾರ, ಚಿಪ್ಪಿಗ, ಕ್ಷೌರಿಕ ಒಂದೇ ಪಾತ್ರೆಗೆ ತುಟಿ ಹಚ್ಚುವುದು ಆ ಕಾಲದಲ್ಲಿ ಕುಲಭ್ರಷ್ಟರಾಗಲು ಸಾಕಾದ ಅಪರಾಧ. ಹಿಂದಿನ ದೀಕ್ಷಾವಿಧಿಯಲ್ಲಿ ಗುರುವಿನ ಪಾದ ತೊಳೆದ ನೀರನ್ನು ಶಿಷ್ಯರು ಕುಡಿಯುತ್ತಿದ್ದರು. ಹೊಸ ವಿಧಿಯಲ್ಲಿ ಪಾದದ ಬದಲು ಖಡ್ಗ ಬಂತು; ದೀಕ್ಷೆ ಕೊಡಲು ಗುರುವೇ ಆಗಬೇಕೆಂಬ ಅಗತ್ಯ ಹೋಯಿತು. ಗಂಡಸರಿಗೆ ಸಿಂಗ್, ಹೆಂಗಸರಿಗೆ ಕೌರ್ ಎಂಬ ಹೆಸರು ಈ ದೀಕ್ಷೆಯೊಡನೆ ಬಂದವು. ಹೆಸರಿನ ಹಿಂದಿದ್ದ ಜಾತಿ ಕಳಚಬೇಕೆಂಬುದು ಅದರ ಉದ್ದೇಶ. ಕೇಶ, ಬಾಚಣಿಗೆ, ಕಬ್ಬಿಣದ ಬಳೆ, ಮೊಣಕಾಲ ಮೇಲಿನ ಚಡ್ಡಿ, ಕಿರುಗತ್ತಿ ಎಂಬ ಐದು ಕುರುಹುಗಳು ಖಾಲ್ಸಾದ ಗುರುತಾದವು. ಅಡಗಿಕೊಳ್ಳಲಾಗದ ಗುರುತು ಅದು.

'ಖಾಲ್ಸಾ' ಎಂಬ ಪದವನ್ನೇ ನೋಡಬಹುದು. ಶುದ್ಧ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಪದ ಇದು. ಮೊಗಲರ ಕಂದಾಯ ಭಾಷೆಯಲ್ಲಿ ಇದಕ್ಕೆ ಖಚಿತವಾದ ಅರ್ಥವಿತ್ತು: ಜಹಗೀರುದಾರನ ಕೈಯಲ್ಲಿರದೆ, ನೇರವಾಗಿ ಅರಸನಿಗೇ ಸೇರಿದ ಭೂಮಿ. ಹೈದರಾಬಾದ್ ಸಂಸ್ಥಾನದ ಕಂದಾಯ ದಫ್ತರಗಳಲ್ಲೂ ಖಾಲ್ಸಾ, ಜಹಗೀರು ಎಂಬ ಭೇದ ಕೊನೆಯವರೆಗೂ ಇತ್ತು. ಗುರುಗಳು ಮಸಂದರನ್ನು ತೆಗೆದುಹಾಕಿ, ಕಾಣಿಕೆಯನ್ನು ದಲ್ಲಾಳಿಗಳಿಗೆ ಕೊಡಬೇಡಿ, ನೇರವಾಗಿ ಬನ್ನಿ ಎಂದರು. ನಡುವೆ ಯಾರೂ ಇಲ್ಲದ ಸಮುದಾಯವೇ ಖಾಲ್ಸಾ. ಅವರ ಆಸ್ಥಾನಕವಿ ಸೇನಾಪತಿ ಬರೆದ 'ಗುರು ಶೋಭಾ' ಕೃತಿ ಖಾಲ್ಸಾದ ಸ್ಥಾಪನೆಯನ್ನು ವಿವರಿಸುವಾಗ ಮಸಂದರ ಉಚ್ಚಾಟನೆಗೆ ಹೆಚ್ಚಿನ ಒತ್ತು ಕೊಡುತ್ತದೆ.

ಮಂಡಿಯೂರಿದ್ದು ಇದರ ಮುಂದಿನ ಹೆಜ್ಜೆ. ಮಧ್ಯವರ್ತಿಗಳನ್ನು ತೆಗೆದವರು ತಮ್ಮನ್ನೂ ಸಮುದಾಯದ ಮೇಲೆ ಇರಿಸಿಕೊಳ್ಳಲಿಲ್ಲ.

ಐವರ ಅಪ್ಪಣೆ

ಅದು ಒಂದು ದಿನದ ಸಂಕೇತವಾಗಿ ಮುಗಿಯಬಹುದಿತ್ತು. ಅದರ ಪರೀಕ್ಷೆ ಐದಾರು ವರ್ಷಗಳಲ್ಲೇ ಬಂತು.

ಬೆಟ್ಟದ ರಾಜರು ಮತ್ತು ಸರಹಿಂದದ ಫೌಜುದಾರ ವಜೀರ್ ಖಾನನ ಪಡೆಗಳು ಆನಂದಪುರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದವು. ಧಾನ್ಯ ಮುಗಿಯಿತು. ಹಸಿವು ತಾಳಲಾರದ ನಲವತ್ತು ಮಂದಿ, ಇನ್ನು ತಾವು ಶಿಷ್ಯರಲ್ಲ, ನೀವು ಗುರುವಲ್ಲ ಎಂದು ಚೀಟಿ ಬರೆದುಕೊಟ್ಟು ಊರಿಗೆ ಹೊರಟುಹೋದರು. ಕೋಟೆ ಬಿಟ್ಟರೆ ಯಾರಿಗೂ ಹಾನಿ ಮಾಡುವುದಿಲ್ಲವೆಂದು ಕುರಾನಿನ ಮೇಲೆ ಆಣೆ ಮಾಡಿ ಎದುರಾಳಿಗಳು ಮಾತು ಕೊಟ್ಟರು. 1704ರ ಡಿಸೆಂಬರಿನ (ಕೆಲವು ಇತಿಹಾಸಕಾರರ ಲೆಕ್ಕದಲ್ಲಿ 1705ರ) ಕೊರೆಯುವ ಚಳಿಯಲ್ಲಿ ಗುರುಗಳು ಹೊರಬಿದ್ದರು. ಆಣೆ ಮುರಿಯಿತು. ಉಕ್ಕಿ ಹರಿಯುತ್ತಿದ್ದ ಸರಸಾ ನದಿಯ ದಡದಲ್ಲಿ ದಾಳಿ ನಡೆಯಿತು. ಹಸ್ತಪ್ರತಿಗಳು ನೀರುಪಾಲಾದವು, ಕುಟುಂಬ ಚದುರಿತು.

ಗುರುಗಳು ಇಬ್ಬರು ಹಿರಿಯ ಮಕ್ಕಳು ಮತ್ತು ಸುಮಾರು ನಲವತ್ತು ಮಂದಿಯೊಂದಿಗೆ ಚಮಕೌರ್ ಎಂಬ ಹಳ್ಳಿಯ ಮಣ್ಣಿನ ಗಢಿಯೊಂದನ್ನು ಸೇರಿದರು. ಸುತ್ತ ಅಪಾರ ಸೈನ್ಯ. ಒಳಗಿನವರು ಸಣ್ಣ ಸಣ್ಣ ತಂಡಗಳಾಗಿ ಹೊರಹೋಗಿ ಹೋರಾಡಿ ಮಡಿದರು. ಹದಿನೆಂಟರ ಆಸುಪಾಸಿನ ಅಜಿತ್ ಸಿಂಗ್, ಅವನಿಗಿಂತ ಕಿರಿಯ ಜುಝಾರ್ ಸಿಂಗ್ ತಂದೆಯ ಕಣ್ಣೆದುರೇ ಹೊರನಡೆದು ಬಿದ್ದರು. ಐವರು ಪ್ರಿಯರಲ್ಲಿ ಮೂವರು ಅಲ್ಲೇ ಮಡಿದರು: ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್ ಮತ್ತು ಬೀದರಿನ ಸಾಹಿಬ್ ಸಿಂಗ್.

ರಾತ್ರಿಯಾಯಿತು. ಗಢಿಯಲ್ಲಿ ಕೆಲವೇ ಮಂದಿ ಉಳಿದಿದ್ದರು. ಬೆಳಗಾದರೆ ತಾವೂ ಹೊರಟು ಹೋರಾಡಿ ಸಾಯುವುದು ಗುರುಗಳ ಇಚ್ಛೆ. ಮಕ್ಕಳನ್ನು ಕಳುಹಿಸಿದ ತಂದೆಗೆ ಬೇರೆ ಇಚ್ಛೆ ಇರಲು ಸಾಧ್ಯವೂ ಇರಲಿಲ್ಲ. ಆಗ ಉಳಿದವರಲ್ಲಿ ಐವರು ಮುಂದೆ ಬಂದು ನಿಂತರು. ಅವರು ಬೇಡಿಕೊಳ್ಳಲಿಲ್ಲ. ಖಾಲ್ಸಾದ ಹೆಸರಿನಲ್ಲಿ ಅಪ್ಪಣೆ ಮಾಡಿದರು: ಗುರುಗಳು ಈ ರಾತ್ರಿಯೇ ಇಲ್ಲಿಂದ ಪಾರಾಗಬೇಕು, ಪಂಥ ಉಳಿಯಬೇಕು. ಐವರು ಸೇರಿದಲ್ಲಿ ಗುರುವಿನ ಅಧಿಕಾರವಿದೆ ಎಂದು ಆನಂದಪುರದಲ್ಲಿ ಸಾರಿದವರು ಅವರೇ. ಚಮಕೌರಿನ ಕತ್ತಲಲ್ಲಿ ಆ ಮಾತಿಗೆ ಅವರೇ ಕಟ್ಟುಬಿದ್ದರು. ಗುರುಗಳ ಹೋಲಿಕೆಯಿದ್ದ ಒಬ್ಬ ಸಿಖ್ಖ ಅವರ ಉಡುಪು ತೊಟ್ಟು ಗಢಿಯಲ್ಲಿ ಉಳಿದ. ಗುರುಗಳು ಮೂವರೊಂದಿಗೆ ಹೊರಬಿದ್ದರು.

ಬರಿಗಾಲಲ್ಲಿ, ಒಬ್ಬಂಟಿಯಾಗಿ ಮಾಛೀವಾಡದ ಕಾಡು ಸೇರಿದ ಅವರನ್ನು ಶತ್ರುಗಳ ಸಾಲು ದಾಟಿಸಿದ್ದು ನಬೀ ಖಾನ್, ಘನೀ ಖಾನ್ ಎಂಬ ಪಠಾಣ ಸೋದರರು. ಕುದುರೆ ವ್ಯಾಪಾರಿಗಳಾದ ಅವರು ಗುರುಗಳಿಗೆ ನೀಲಿ ನಿಲುವಂಗಿ ತೊಡಿಸಿ, ಉಚ್ ಪಟ್ಟಣದ ಸೂಫಿ ಪೀರರೆಂದು ಹೇಳಿ ಪಲ್ಲಕ್ಕಿಯಲ್ಲಿ ಹೊತ್ತು ನಡೆದರು.

ಅತ್ತ ಕಿರಿಯ ಮಕ್ಕಳಾದ ಜೋರಾವರ್ ಸಿಂಗ್ ಮತ್ತು ಫತೇ ಸಿಂಗ್ ಅಜ್ಜಿ ಗುಜರಿಯವರೊಂದಿಗೆ ಸೆರೆಸಿಕ್ಕಿ ಸರಹಿಂದಕ್ಕೆ ಒಯ್ಯಲ್ಪಟ್ಟಿದ್ದರು. ಇಬ್ಬರಿಗೂ ಹತ್ತು ವರ್ಷ ತುಂಬಿರಲಿಲ್ಲ. ಮತಾಂತರಕ್ಕೆ ಒಪ್ಪದ ಆ ಮಕ್ಕಳನ್ನು ವಜೀರ್ ಖಾನ್ ಗೋಡೆಯಲ್ಲಿ ಇಟ್ಟಿಗೆ ಕಟ್ಟಿಸಿ ಕೊಲ್ಲಿಸಿದ. ಸುದ್ದಿ ತಿಳಿದು ಅಜ್ಜಿಯೂ ಪ್ರಾಣಬಿಟ್ಟರು. ಆ ದರಬಾರಿನಲ್ಲಿ, ಮಕ್ಕಳನ್ನು ಕೊಲ್ಲುವುದು ಧರ್ಮವಲ್ಲವೆಂದು ಎದ್ದು ಪ್ರತಿಭಟಿಸಿದವನು ಮಲೇರ್‌ಕೋಟ್ಲಾದ ನವಾಬ ಶೇರ್ ಮೊಹಮ್ಮದ್ ಖಾನ್. ಅವನ ಮಾತು ನಡೆಯಲಿಲ್ಲ. ಆದರೆ ಸಿಖ್ಖರು ಅದನ್ನು ಮರೆಯಲಿಲ್ಲ. 1947ರಲ್ಲಿ ಪಂಜಾಬ್ ಹೊತ್ತಿ ಉರಿದಾಗ ಮಲೇರ್‌ಕೋಟ್ಲಾದ ಮುಸ್ಲಿಮರು ಸುರಕ್ಷಿತವಾಗಿ ಉಳಿದದ್ದಕ್ಕೆ ಜನ ಕೊಡುವ ಕಾರಣ 240 ವರ್ಷ ಹಳೆಯ ಆ ಒಂದು ಮಾತು.

ದಕ್ಷಿಣಕ್ಕೆ ಬಂದ ಪತ್ರ

ಎಲ್ಲವನ್ನೂ ಕಳೆದುಕೊಂಡ ಮೇಲೆ, 1705ರಲ್ಲಿ ಗುರುಗಳು ಔರಂಗಜೇಬನಿಗೆ ಪಾರಸಿ ಪದ್ಯದಲ್ಲಿ ಪತ್ರ ಬರೆದರು. ಹೆಸರು 'ಜಫರ್‌ನಾಮಾ', ಅಂದರೆ ವಿಜಯಪತ್ರ. ಸೋತವನೊಬ್ಬ ಗೆದ್ದವನಿಗೆ ಬರೆದ ಪತ್ರಕ್ಕೆ ಇಂಥ ಹೆಸರು! ಪವಿತ್ರಗ್ರಂಥದ ಮೇಲಿನ ಆಣೆ ಮುರಿದ ಮೇಲೆ ದೊರೆತನಕ್ಕೆ ಏನು ಬೆಲೆ ಎಂಬುದು ಅದರ ಪ್ರಶ್ನೆ. ಶಸ್ತ್ರ ಕೊನೆಯ ದಾರಿಯೇ ಹೊರತು ಮೊದಲನೆಯದಲ್ಲ ಎಂಬುದು ಅದರ ವಾದ.

ಬಾದಶಹ ಆಗ ದೆಹಲಿಯಲ್ಲಿರಲಿಲ್ಲ. ದಖನ್ನಿನ ಯುದ್ಧಗಳಲ್ಲಿ ಅವನು ಕಾಲು ಶತಮಾನ ಸವೆಸಿದ್ದ. 1705ರ ಆರಂಭದಲ್ಲಿ, ತೊಂಬತ್ತರ ಸಮೀಪದ ಆ ಮುದುಕ ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಗೆ ತಾನೇ ನಿಂತು ಮುತ್ತಿಗೆ ಹಾಕಿದ್ದ. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಅಲ್ಲಿಂದ ಕಾಯಿಲೆ ಬಿದ್ದು ಅಹಮದ್‌ನಗರ ಸೇರಿದ. ಐವರು ಪ್ರಿಯರಲ್ಲಿ ಮೊದಲಿಗನಾದ ದಯಾ ಸಿಂಗ್, ಧರಮ್ ಸಿಂಗನೊಂದಿಗೆ ಪತ್ರ ಹೊತ್ತು ಅಲ್ಲಿಗೇ ಬಂದ. ಬಾದಶಹ ಗುರುಗಳನ್ನು ಭೇಟಿಗೆ ಕರೆದನೆಂದು ಹೇಳುತ್ತಾರೆ. ಭೇಟಿ ಆಗಲಿಲ್ಲ. 1707ರ ಮಾರ್ಚಿನಲ್ಲಿ ಔರಂಗಜೇಬ್ ತೀರಿಕೊಂಡ.

ಇಷ್ಟರಲ್ಲಿ ಪಂಜಾಬಿನಲ್ಲಿ ಮತ್ತೊಂದು ಘಟನೆ ನಡೆದಿತ್ತು. ಚೀಟಿ ಬರೆದುಕೊಟ್ಟು ಊರಿಗೆ ಮರಳಿದ್ದ ನಲವತ್ತು ಮಂದಿಯನ್ನು ಮಾಯಿ ಭಾಗೋ ಎಂಬ ಹಳ್ಳಿಯ ಹೆಣ್ಣುಮಗಳು ಮೂದಲಿಸಿ ಮತ್ತೆ ಹೊರಡಿಸಿದಳು. ತಾನೂ ಗಂಡುಡುಪು ತೊಟ್ಟು ಕುದುರೆ ಹತ್ತಿದಳು. 1705ರಲ್ಲಿ ಖಿದರಾಣಾ ಎಂಬ ಕೆರೆಯ ಬಳಿ ಅವರು ಬೆನ್ನಟ್ಟಿ ಬಂದ ಮೊಗಲ್ ಪಡೆಯನ್ನು ತಡೆದು ಹಿಮ್ಮೆಟ್ಟಿಸಿದರು. ನಲವತ್ತು ಮಂದಿಯೂ ಪ್ರಾಣ ತೆತ್ತರು. ಕೊನೆಯುಸಿರೆಳೆಯುತ್ತಿದ್ದ ಮಹಾನ್ ಸಿಂಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುರುಗಳು ಅವನ ಆಸೆ ಏನೆಂದು ಕೇಳಿದರು. ಆ ಚೀಟಿ ಹರಿದುಹಾಕಿ ಎಂದ. ಗುರುಗಳು ಹರಿದರು. ಆ ಊರೇ ಇಂದಿನ ಮುಕ್ತಸರ. ಆ ನಲವತ್ತು ಮಂದಿ 'ಮುಕ್ತ'ರು.

ಬದುಕುಳಿದ ಮಾಯಿ ಭಾಗೋ ಗುರುಗಳ ಅಂಗರಕ್ಷಕ ಪಡೆಯನ್ನು ಸೇರಿ ದಕ್ಷಿಣಕ್ಕೆ ಬಂದಳು. ಗುರುಗಳ ನಂತರ ಅವಳು ಬೀದರ್ ಸಮೀಪದ ಜನವಾಡಾದಲ್ಲಿ ನೆಲೆಸಿ, ಧ್ಯಾನದಲ್ಲಿ ಉಳಿದ ಬದುಕು ಕಳೆದಳೆಂದು ಸಿಖ್ಖರು ನಂಬುತ್ತಾರೆ. ಅವಳ ನೆನಪಿನ ಗುರುದ್ವಾರ ಅಲ್ಲಿದೆ.

ಗೋದಾವರಿಯ ದಡದಲ್ಲಿ

ಅಲೆದಾಟದ ನಡುವೆ ತಲವಂಡಿ ಸಾಬೋ ಎಂಬಲ್ಲಿ ಗುರುಗಳು ತುಸು ಕಾಲ ನೆಲೆನಿಂತರು. ಅಲ್ಲಿ ಭಾಯಿ ಮಣಿ ಸಿಂಗರನ್ನು ಲಿಪಿಕಾರರನ್ನಾಗಿಟ್ಟುಕೊಂಡು ಪವಿತ್ರಗ್ರಂಥದ ಪಾಠವನ್ನು ಅಂತಿಮಗೊಳಿಸಿದರು ಎಂಬುದು ಪರಂಪರೆ. ಅರ್ಜನದೇವರು ಸಂಕಲಿಸಿದ್ದ ಗ್ರಂಥಕ್ಕೆ ತಂದೆ ತೇಗ್ ಬಹಾದೂರರ ಪದಗಳು ಸೇರಿದವು. ಸಿಖ್ ಗುರುಗಳ ರಚನೆಗಳಷ್ಟೇ ಅಲ್ಲ, ನೇಕಾರ ಕಬೀರ, ಸಿಂಪಿಗ ನಾಮದೇವ, ಚಮ್ಮಾರ ರವಿದಾಸ, ಸೂಫಿ ಶೇಖ್ ಫರೀದರ ಪದಗಳೂ ಅದರಲ್ಲಿವೆ. ಕವಿಯಾಗಿದ್ದ ಗೋವಿಂದ ಸಿಂಗ್ ತಮ್ಮ ರಚನೆಗಳನ್ನು ಮಾತ್ರ ಅದಕ್ಕೆ ಸೇರಿಸಲಿಲ್ಲ.

ಔರಂಗಜೇಬನ ಮಗ ಬಹಾದೂರ್ ಶಾ ಪಟ್ಟಕ್ಕೆ ಬಂದ ಮೇಲೆ, 1707ರಲ್ಲಿ ಆಗ್ರಾದಲ್ಲಿ ಗುರುಗಳನ್ನು ಗೌರವದಿಂದ ಕಂಡು ಖಿಲ್ಲತ್ತು ಕೊಟ್ಟ. ವಜೀರ್ ಖಾನನಿಗೆ ಶಿಕ್ಷೆಯಾಗಬೇಕೆಂಬುದು ಗುರುಗಳ ನಿರೀಕ್ಷೆ. ಬಿಜಾಪುರ, ಹೈದರಾಬಾದುಗಳನ್ನು ಹಿಡಿದು ಕುಳಿತಿದ್ದ ತಮ್ಮ ಕಾಮ್ ಬಕ್ಷನನ್ನು ಅಡಗಿಸಲು ಬಾದಶಹ ದಕ್ಷಿಣಕ್ಕೆ ಹೊರಟಾಗ ಗುರುಗಳೂ ಜೊತೆಗೆ ಪಯಣಿಸಿದರು. ನ್ಯಾಯ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಈ ಪಯಣದ ಒಂದು ಕಥೆ ಸಿಖ್ಖರಲ್ಲಿ ಪ್ರಸಿದ್ಧ. ರಾಜಸ್ಥಾನದಲ್ಲಿ ಸಂತ ದಾದೂದಯಾಳರ ಸಮಾಧಿಯ ಮುಂದೆ ಹಾಯುವಾಗ ಗುರುಗಳು ಬಾಣವೆತ್ತಿ ವಂದಿಸಿದರು. ಸಮಾಧಿಗಳಿಗೆ ನಮಿಸಬಾರದೆಂದು ಕಲಿಸಿದವರು ಅವರೇ. ಜೊತೆಯಲ್ಲಿದ್ದ ಸಿಖ್ಖರು ಅವರನ್ನು ಅಲ್ಲೇ ತಡೆದು ದಂಡ ವಿಧಿಸಿದರು. ಗುರುಗಳು ಸಂತೋಷದಿಂದ ದಂಡ ತೆತ್ತರು. ಶಿಷ್ಯರು ಎಚ್ಚರವಾಗಿದ್ದಾರೋ ಇಲ್ಲವೋ ಎಂದು ನೋಡಲಿಕ್ಕೇ ಹಾಗೆ ಮಾಡಿದೆ ಎಂದರಂತೆ.

1708ರಲ್ಲಿ ಗೋದಾವರಿ ತೀರದ ನಾಂದೇಡಿನಲ್ಲಿ ಬಿಡಾರ. ಅಲ್ಲಿ ಮಾಧೋ ದಾಸ್ ಎಂಬ ಬೈರಾಗಿ ಅವರ ಶಿಷ್ಯನಾದ. ಮುಂದೆ ಬಂದಾ ಸಿಂಗ್ ಬಹಾದೂರ್ ಎಂದು ಹೆಸರಾದವನು ಇವನೇ. ಅವನನ್ನು ಪಂಜಾಬಿಗೆ ಕಳುಹಿಸುವಾಗಲೂ ಒಂಟಿ ನಾಯಕನಾಗಿ ಕಳುಹಿಸಲಿಲ್ಲ. ಸಲಹೆಗೆ ಐವರು ಸಿಖ್ಖರನ್ನು ಜೊತೆಗೆ ಕೊಟ್ಟರು. ಅದೇ ದಿನಗಳಲ್ಲಿ ಪಠಾಣನೊಬ್ಬ ಗುರುಗಳನ್ನು ಇರಿದ. ವಜೀರ್ ಖಾನನೇ ಕಳುಹಿಸಿದ ಕೊಲೆಗಡುಕ ಅವನೆಂದು ನಂಬಲಾಗಿದೆ. ಹೊಲಿದ ಗಾಯ, ಬಿರುಸಾದ ಬಿಲ್ಲೊಂದನ್ನು ಎಳೆಯುವಾಗ ಮತ್ತೆ ಬಿಚ್ಚಿಕೊಂಡಿತು. 1708ರ ಅಕ್ಟೋಬರ್ 7ರಂದು ಅವರು ಕಾಲವಾದರು.

ಕೊನೆಯ ತೀರ್ಮಾನ ಬಾಕಿಯಿತ್ತು. ನಾಲ್ವರು ಮಕ್ಕಳೂ ಇಲ್ಲ. ಪೀಠಕ್ಕೆ ಯಾರು? ಯಾರನ್ನು ಹೆಸರಿಸಿದರೂ ಬಕಾಲಾದ 22 ಗದ್ದುಗೆಗಳ ಚರಿತ್ರೆ ಮರುಕಳಿಸುವ ಭಯವಿತ್ತು. ಗುರುಗಳು ಗ್ರಂಥದ ಮುಂದೆ ಕಾಣಿಕೆ ಇಟ್ಟು ತಲೆಬಾಗಿ, ಇನ್ನು ಮುಂದೆ ಇದೇ ಗುರು ಎಂದು ಸಾರಿದರು. ಮಾತಿಗೆ ಗ್ರಂಥ, ನಿರ್ಧಾರಕ್ಕೆ ಪಂಥ. ಮನುಷ್ಯ ಗುರುಗಳ ಸಾಲು ಅಲ್ಲಿಗೆ ನಿಂತಿತು.

ಉಳಿದ ಮಾತು

ಈ ಏರ್ಪಾಡು ನಿಂತಿತೇ? ಬಂದಾ ಸಿಂಗ್ 1710ರಲ್ಲಿ ಸರಹಿಂದವನ್ನು ಗೆದ್ದ. ವಜೀರ್ ಖಾನ್ ಯುದ್ಧದಲ್ಲಿ ಸತ್ತ. ಬಂದಾ ಹಳೆಯ ಜಮೀನುದಾರಿಕೆಯನ್ನು ಕಿತ್ತು ನೆಲವನ್ನು ಉಳುವವರಿಗೆ ಕೊಟ್ಟನೆಂಬ ಕೀರ್ತಿ ಪಡೆದ. 1716ರಲ್ಲಿ ದೆಹಲಿಯಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಆಮೇಲೆ ದಶಕಗಳ ಕಾಲ ಸಿಖ್ಖರ ಬೇಟೆ ನಡೆಯಿತು. ಒಬ್ಬ ನಾಯಕನನ್ನು ಕೊಂದರೆ ಮುಗಿಯುವ ಪಂಥ ಅದಾಗಿರಲಿಲ್ಲ. ಬೈಸಾಖಿ, ದೀಪಾವಳಿಗಳಂದು ಅವರು ಕಾಡುಮೇಡುಗಳಿಂದ ಅಮೃತಸರಕ್ಕೆ ಬಂದು, ಗ್ರಂಥದ ಮುಂದೆ ಕುಳಿತು, 'ಸರ್ಬತ್ ಖಾಲ್ಸಾ' ಎಂಬ ಮಹಾಸಭೆಯಲ್ಲಿ ತೀರ್ಮಾನ ಮಾಡುತ್ತಿದ್ದರು. 1799ರಲ್ಲಿ ಲಾಹೋರ್ ಗೆದ್ದು ಮಹಾರಾಜನಾದ ರಣಜಿತ್ ಸಿಂಗ್ ಕೂಡ ನಾಣ್ಯವನ್ನು ಗುರುಗಳ ಹೆಸರಿನಲ್ಲಿ ಅಚ್ಚು ಹಾಕಿಸಿದ. ಅಂಥ ದೊರೆಯನ್ನೂ ಅಕಾಲ ತಖ್ತಿನ ಮುಖ್ಯಸ್ಥ ಅಕಾಲಿ ಫೂಲಾ ಸಿಂಗ್ ಒಂದು ನಡವಳಿಕೆ ತಪ್ಪಿಗಾಗಿ ಕರೆಸಿದಾಗ, ಅವನು ಬಂದು ಛಡಿಯೇಟಿಗೆ ಬೆನ್ನೊಡ್ಡಿದನೆಂದು ಪಂಜಾಬಿನಲ್ಲಿ ಹೇಳುತ್ತಾರೆ. ಆದರೆ ಅದೇ ರಣಜಿತ್ ಸಿಂಗನ ಕಾಲದಲ್ಲಿ, 1805ರ ನಂತರ ಮಹಾಸಭೆಯ ಪದ್ಧತಿ ನಿಂತುಹೋಯಿತು. ಅಧಿಕಾರ ಕೈಗೆ ಬಂದ ಮೇಲೆ ಹಂಚಿಕೊಳ್ಳುವುದು ಎಲ್ಲರಿಗೂ ಕಷ್ಟ.

ಜಾತಿಯೂ ಅಷ್ಟು ಸುಲಭವಾಗಿ ಕರಗಲಿಲ್ಲ. 1920ರ ಅಕ್ಟೋಬರ್ 12ರಂದು ಅಮೃತ ದೀಕ್ಷೆ ಪಡೆದ ದಲಿತರ ಗುಂಪೊಂದು ಸ್ವರ್ಣಮಂದಿರಕ್ಕೆ ಪ್ರಸಾದ ತಂದಾಗ ಅರ್ಚಕರು ಮುಟ್ಟಲು ನಿರಾಕರಿಸಿದರು. ವಾದ ಬೆಳೆಯಿತು. ಕೊನೆಗೆ ಗ್ರಂಥವನ್ನೇ ತೆರೆದು ಕೇಳೋಣ ಎಂದಾಯಿತು. ತೆರೆದ ಪುಟದ ಪದ ದಲಿತರ ಪರವಾಗಿ ಬಂತು. ಪ್ರಸಾದ ಸ್ವೀಕಾರವಾಯಿತು, ಎದುರಿನ ಅಕಾಲ ತಖ್ತಿನ ಅರ್ಚಕರು ಪೀಠ ಬಿಟ್ಟು ಓಡಿದರು. ಗುರುದ್ವಾರಗಳನ್ನು ಮಹಂತರ ಕೈಯಿಂದ ಬಿಡಿಸುವ ಚಳವಳಿಗೆ ಆ ದಿನ ಬಲ ತಂದಿತು. 1925ರ ಗುರುದ್ವಾರ ಕಾಯ್ದೆ ಅದರ ಫಲ. ನಾಂದೇಡಿನಲ್ಲಿ ಪೀಠವೇರಿದ ಗ್ರಂಥ 212 ವರ್ಷಗಳ ಮೇಲೆ ತನ್ನ ಅರ್ಚಕರ ವಿರುದ್ಧವೇ ತೀರ್ಪು ಕೊಟ್ಟಿತ್ತು.

ಹಾಗೆಂದು ಎಲ್ಲವೂ ಸರಿಹೋಗಿದೆ ಎನ್ನುವಂತಿಲ್ಲ. 2011ರ ಜನಗಣತಿಯ ಪ್ರಕಾರ ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡ 31.9; ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟು ಪ್ರಮಾಣವಿಲ್ಲ. ಅಲ್ಲಿನ ಅನೇಕ ಹಳ್ಳಿಗಳಲ್ಲಿ ಜಾತಿಗೊಂದು ಗುರುದ್ವಾರ, ಜಾತಿಗೊಂದು ಸ್ಮಶಾನ ಇವೆ. ಹೆಸರಿನಿಂದ ಕಳಚಿದ್ದು ಊರಿನ ನಕ್ಷೆಯಲ್ಲಿ ಉಳಿದುಕೊಂಡಿದೆ. ಒಂದೇ ಬಟ್ಟಲಿನ ನೀರು ಕುಡಿದವರ ಪಂಥಕ್ಕೆ ಇದು ಇಂದಿಗೂ ಉತ್ತರಿಸಬೇಕಾದ ಪ್ರಶ್ನೆ.

ಸಿಖ್ಖರ ಐದು ತಖ್ತುಗಳಲ್ಲಿ ಅಮೃತಸರದ್ದೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಗುರು ಗೋವಿಂದ ಸಿಂಗರ ಬದುಕಿನ ಮೆಟ್ಟಿಲುಗಳು: ಹುಟ್ಟಿದ ಪಟ್ನಾ, ಖಾಲ್ಸಾ ಕಟ್ಟಿದ ಆನಂದಪುರದ ಕೇಶಗಢ, ಗ್ರಂಥ ಪೂರ್ಣಗೊಳಿಸಿದ ದಮದಮಾ, ಕಣ್ಮುಚ್ಚಿದ ನಾಂದೇಡ್. ನಾಂದೇಡಿಗೆ ಹೋಗುವ ಯಾತ್ರಿಕರಲ್ಲಿ ಅನೇಕರು ಬೀದರಿಗೂ ಬರುತ್ತಾರೆ. ಗುರು ನಾನಕರು ಸಿಹಿನೀರಿನ ಬುಗ್ಗೆ ತೋರಿಸಿದರೆಂಬ ನಾನಕ್ ಝೀರಾದಲ್ಲಿ ನೀರು ಕುಡಿದು, ಜನವಾಡಾಕ್ಕೆ ಹೋಗಿ ತಲೆಬಾಗುತ್ತಾರೆ.

ಇಂದಿಗೂ ಖಾಲ್ಸಾ ದೀಕ್ಷೆ ಕೊಡಲು ಮಠಾಧೀಶರು ಬೇಕಿಲ್ಲ. ಗ್ರಂಥದ ಸನ್ನಿಧಿಯಲ್ಲಿ, ದೀಕ್ಷೆ ಪಡೆದ ಯಾರಾದರೂ ಐವರು ಸೇರಿದರೆ ಸಾಕು. ಸಿಖ್ಖರ ನಿತ್ಯದ ಪ್ರಾರ್ಥನೆಯಾದ ಅರ್ದಾಸಿನಲ್ಲಿ ಗುರುಗಳ ಬೆನ್ನಿಗೇ ಐವರು ಪ್ರಿಯರನ್ನು, ನಾಲ್ವರು ಮಕ್ಕಳನ್ನು, ನಲವತ್ತು ಮುಕ್ತರನ್ನು ಸ್ಮರಿಸುತ್ತಾರೆ. ಆ ಐವರಲ್ಲಿ ಐದನೆಯವನು ಬೀದರಿನ ಸಾಹಿಬ್ ಸಿಂಗ್. ಲಂಡನ್ನಿನಿಂದ ವ್ಯಾಂಕೂವರಿನವರೆಗೆ ಸಿಖ್ಖರು ಇರುವಲ್ಲೆಲ್ಲ ಪ್ರತಿದಿನ ಆ ಕ್ಷೌರಿಕನಿಗೆ ಒಂದು ನಮಸ್ಕಾರ ಸಲ್ಲುತ್ತದೆ.